ಹಗಲಿಗೆ ಹಚ್ಚಿದ ಚುಕ್ಕಿ

ಗಡ್ಡವನ್ನು ತಲೆಕೆಳಗಾಗಿ ಕಟ್ಟಿದ್ದರು. ಸೆಣಬಿನ ಎಳೆಗಳು ಮೂಗಿನೊಳಗೆ ಹೋಗಿ ಪಾರಿಸನಿಗೆ ಸೀನು ಬಂತು. ಮೂಡಣ ದೇಶದ ಜ್ಞಾನಿ ಸೀನಬಹುದೆ? ಗ್ರಂಥಾಧಾರವಿರಲಿಲ್ಲ. ಸೀನಿದ.

“ತಡೀರಿ ಸರ.” ಸರಕಾರಿ ದವಾಖಾನೆಯ ಕಂಪೌಂಡರ್ ದೇವದಾನ, ಗಾಯಕ್ಕೆ ಪಟ್ಟಿ ಸುತ್ತುವ ಶಿಸ್ತಿನಲ್ಲಿ ಗಡ್ಡ ಬಿಚ್ಚಿ ಮತ್ತೆ ಕಟ್ಟಿದ. “ಪ್ರತಿ ವರ್ಷ ಕ್ರಿಸ್‌ಮಸ್ ನಾಟಕದಾಗ ವಿರುಪಾಕ್ಷಪ್ಪ ಮಾಸ್ತರು ಮೂರನೇ ಜ್ಞಾನಿ ಆಗ್ತಿದ್ರು. ಈ ಸಲ ಅವರಿಗೆ ಹರ್ನಿಯಾ. ನಿಮ್ಮನ್ನ ಬಿಟ್ರ ಚಿಕ್ಕೋಡ್ಯಾಗ ಜ್ಞಾನಿ ಯಾರದಾರ್ರಿ?”

ಪಾರಿಸ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳುತ್ತಿದ್ದ. ಬದುಕಿಗೆ ಯಾರೂ ಕೊಟ್ಟ ಅರ್ಥವಿಲ್ಲ, ಆಯ್ದುಕೊಳ್ಳುವ ಭಾರ ನಮ್ಮದೇ ಎಂದು ಹೋದ ವಾರ ಒಂದು ತಾಸು ಬೆವರು ಸುರಿಸಿದ್ದ. ಹಿಂದಿನ ಬೆಂಚಿನಿಂದ ಕೈ ಮೇಲೆದ್ದಿತ್ತು: “ಸರ, ಇದು ಐದು ಮಾರ್ಕಿಗೋ, ಹತ್ತು ಮಾರ್ಕಿಗೋ?”

ದೇವದಾನ ಕರೆದಾಗ ಒಪ್ಪಿಕೊಂಡಿದ್ದ. ಬೇರೆಯವರ ನಂಬಿಕೆಯನ್ನು ಒಂದು ಸಂಜೆ ಬಾಡಿಗೆಗೆ ತೊಟ್ಟು ನೋಡುವ ಆಸೆ.

ಆದರೆ ದೇವದಾನನಿಗೆ ಮರುದಿನವೇ ನೆನಪಾಯಿತು: ಪಾರಿಸ ಸರ್ ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ರಾತ್ರಿ ಎಂಟರ ನಾಟಕ ಸಂಜೆ ನಾಲ್ಕೂವರೆಗೆ ಸರಿಯಿತು. ಹಬ್ಬದೂಟದಲ್ಲಿ ಮಟನ್ ಹೋಗಿ ಹೋಳಿಗೆ ಬಂತು. ನೆಲದಡಿ ಬೆಳೆಯುವ ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟೆ ಮೂರಕ್ಕೂ ಚರ್ಚಿನ ಅಂಗಳದೊಳಗೆ ಪ್ರವೇಶವಿಲ್ಲದಾಯಿತು.

“ಸರ, ನಿಮ್ಮ ದೆಸಿಂದ ಈ ಸಲ ಯೇಸುಸ್ವಾಮಿ ಉಳ್ಳಾಗಡ್ಡಿ ಇಲ್ಲದ ಹುಟ್ಟಾಕತ್ತಾನ ನೋಡ್ರಿ,” ಎಂದ ಎರಡನೇ ಜ್ಞಾನಿ. ಅವನು ಬಸ್ ಕಂಡಕ್ಟರ್. ತಮಾಷೆಯೋ ದೂರೋ ಗಡ್ಡದೊಳಗಿನಿಂದ ತಿಳಿಯಲಿಲ್ಲ.

ನಿಜವೇನೆಂದರೆ ಪಾರಿಸ ಪ್ರತಿ ಶನಿವಾರ ಲೈಬ್ರರಿಯ ನೆಪದಲ್ಲಿ ನಿಪ್ಪಾಣಿಗೆ ಹೋಗುತ್ತಿದ್ದ. ಕತ್ತಲಾದ ಮೇಲೆ ಬಸ್ ಸ್ಟ್ಯಾಂಡಿನ ಹಿಂದಿನ ಗಾಡಿಯಲ್ಲಿ ಅಂಡಾ ಬುರ್ಜಿ ತಿನ್ನುತ್ತಿದ್ದ. ಎರಡು ಪ್ಲೇಟು. ‘ನಾನು ರಾತ್ರಿ ಉಣ್ಣುತ್ತೇನೆ.’ ಮೂರೇ ಪದ. ನಾಲ್ಕು ದಿನದಿಂದ ನಾಲಿಗೆಯ ಮೇಲೆ ಇಟ್ಟುಕೊಂಡು ತಿರುಗುತ್ತಿದ್ದ. ಆದರೆ ಇವತ್ತಿನ ಮುಖ್ಯ ಅತಿಥಿ ಕಾಕಾಸಾಹೇಬರು: ಬಸದಿಯ ಹಿರಿಯರು, ಕಾಲೇಜಿನ ಆಡಳಿತ ಮಂಡಳಿಯವರು, ಅವನಿದ್ದ ಮನೆಯ ಮಾಲಕರು. ಮೂರಕ್ಕೂ ಒಂದೇ ಮೀಸೆ.

ಅಂಗಳದ ಮುಂದಿನ ಸಾಲಿನಲ್ಲಿ ದೇವದಾನನ ತಾಯಿ ದುಂಡವ್ವ ಕೂತಿದ್ದಳು. ಎರಡೂ ಕಣ್ಣಿಗೆ ಪೊರೆ. ಹಗಲೆಲ್ಲ ಅವಳಿಗೆ ಬರೀ ಹಾಲು ಚೆಲ್ಲಿದ ಹಾಗೆ. ಕತ್ತಲಲ್ಲಿಟ್ಟ ದೊಡ್ಡ ಬೆಳಕೊಂದೇ ಕಾಣುವುದು. ನಾಟಕದಲ್ಲಿ ಜ್ಞಾನಿಗಳಿಗೆ ಯೇಸು ಹುಟ್ಟಿದಲ್ಲಿಗೆ ದಾರಿ ತೋರಿಸುವ ಚುಕ್ಕಿ ಅಂಥದು: ಬಿದಿರು, ಬಣ್ಣದ ಕಾಗದ, ಒಳಗೆ ನೂರು ಕ್ಯಾಂಡಲಿನ ಬಲ್ಬು. ವರ್ಷಕ್ಕೊಮ್ಮೆ ಅದನ್ನು ಅವಳೇ ಬೆರಳು ಮಾಡಿ ತೋರಿಸುತ್ತಿದ್ದಳಂತೆ.

“ಸರ ಏನ್ರಿ?” ಅವನ ಕೈ ಹಿಡಿದಳು. “ಚುಕ್ಕಿ ಹಚ್ಯಾರೇನು?”

“ಹಚ್ಯಾರ.”

“ನನಗೇನು ಕಾಣಂಗಿಲ್ಲ ಬಿಡ್ರಿ, ಬಿಸಲೈತಿ.”

“ರಾತ್ರಿ... ರಾತ್ರಿ ಮತ್ತ ಹಚ್ಚಬಹುದಲ್ಲ?”

“ಎಲ್ಲೀದು? ಇರೂದೊಂದ ಚುಕ್ಕಿ. ಇಲ್ಲಿ ಲಗೂ ಮುಗಿತೈತೆಂತ ರಾಯಬಾಗದವ್ರು ಇವತ್ತ ರಾತ್ರಿಗೆ ಬೇಡ್ಯಾರ. ಪಾದ್ರಿಗಳು ಒಯ್ತಾರ.” ಅವನ ಕೈ ತಟ್ಟಿದಳು. “ಇರ್ಲಿ. ಮುಂದಿನ ವರ್ಷಕ್ಕ ನಾ ಇದ್ರ ಇರ್ತೇನಿ. ನನ್ನ ಸಲುವಾಗಿ ನಿಮ್ಮ ನೇಮ ಕೆಡಬಾರ್ದು.”

ಈಗ ಹೇಳಬೇಕು ಅನ್ನಿಸಿತು. ಬಾಯಿ ತೆರೆದ. ಸೆಣಬು ಒಳಗೆ ಹೋಯಿತು.

“ಏನ ಪಾರಿಸ, ತಯಾರ?” ಎಂದು ಹಿಂದಿನಿಂದ ಕಾಕಾಸಾಹೇಬರು ಕೇಳಿದರು.

“ಹೌದ್ರಿ,” ಎಂದ.

ನಾಟಕ ಶುರುವಾಯಿತು. ಡಿಸೆಂಬರಿನ ಬಿಸಿಲು ಅಂಗಳದ ತುಂಬ. ಮೂವರು ಜ್ಞಾನಿಗಳು ಹಣೆಗೆ ಕೈ ಅಡ್ಡ ಹಿಡಿದು ಚುಕ್ಕಿ ಹುಡುಕಿದರು. ಬಲ್ಬು ಹತ್ತಿದೆಯೋ ಇಲ್ಲವೋ ಯಾರಿಗೂ ತಿಳಿಯದೆ ದೇವದಾನ ಏಣಿ ಹತ್ತಿ ಮುಟ್ಟಿ ನೋಡಿ, ಬೆರಳು ಸುಟ್ಟುಕೊಂಡು, “ಹತ್ತೈತಿ!” ಎಂದು ಸಾರಿದ. ಸಭೆ ಚಪ್ಪಾಳೆ ತಟ್ಟಿತು. ಕಂಡಕ್ಟರ್ ಜ್ಞಾನಿ ಅಭ್ಯಾಸಬಲದಿಂದ, “ಮುಂದ ಸರೀರಿ, ಮುಂದ ಸರೀರಿ,” ಎನ್ನುತ್ತ ಗೋದಲಿಯ ತನಕ ಒಯ್ದ. ದುಂಡವ್ವ ಶಬ್ದ ಬಂತೆನಿಸಿದ ಕಡೆ ಕೈ ಮುಗಿದಳು. ಅತ್ತ ನೀರಿನ ಟಾಕಿ ಇತ್ತು.

ಆಮೇಲೆ ಕಾಕಾಸಾಹೇಬರ ಭಾಷಣ. ಎಲ್ಲ ಧರ್ಮಗಳ ಸಾರ ಒಂದೇ ಎಂಬುದನ್ನು ಅವರು ಒಂದೊಂದೇ ಧರ್ಮ ಹಿಡಿದು ಸಾಧಿಸಿ ತೋರಿಸಿದರು. “ನಮ್ಮ ಪಾರಿಸನ್ನ ನೋಡ್ರಿ. ಎಂ.ಎ. ಕಲಿತಾನ, ಆದ್ರೂ ಹೊತ್ತು ಮುಳುಗಿದ ಮ್ಯಾಲೆ ಒಂದ ಅಗಳು ಮುಟ್ಟಂಗಿಲ್ಲ.” ಮತ್ತೆ ಚಪ್ಪಾಳೆ. ಸೂರ್ಯ ಮಾತ್ರ ಭಾಷಣ ಮುಗಿಯಲಿ ಎಂದು ಕಾಯಲಿಲ್ಲ.

“ಅಯ್ಯಯ್ಯ, ಹೊತ್ತು ಹೊಂಟಿತು! ಮೊದಲ ಸರ್‌ಗ ನೀಡ್ರಿ!” ದೇವದಾನ ಕೂಗಿದ.

ಪಾರಿಸನ ಗಡ್ಡ ಕಿತ್ತರು. ಕೂಡಿಸಿದರು. ಎಲೆ ಹಾಕುವ ಮೊದಲೇ ಯಾರೋ ಹೋಳಿಗೆ ಬಡಿಸಿದರು, ಅದು ತೊಡೆಯ ಮೇಲೆ ಬಿತ್ತು. ಕಾಕಾಸಾಹೇಬರು ಮನೆಯಲ್ಲೇ ಉಂಡು ಬಂದಿದ್ದರು. ಕೈ ಹಿಂದೆ ಕಟ್ಟಿ ನಿಂತು ಪಡುವಣ ನೋಡತೊಡಗಿದರು. ಮೂವತ್ತು ಜನ ಹಸಿದವರು ಸುತ್ತ ನಿಂತು ಒಮ್ಮೆ ಸೂರ್ಯನನ್ನು, ಒಮ್ಮೆ ಪಾರಿಸನ ದವಡೆಯನ್ನು ನೋಡಿದರು. ಪಾದ್ರಿಗಳು ಚುಕ್ಕಿಯನ್ನು ರಾಜದೂತ್ ಮೋಟರ್‌ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ಒದ್ದು ಶುರು ಮಾಡಿ, ಹೊರಟೇ ಹೋದರು.

“ಲಗೂ ಲಗೂ ಉಣ್ರಿ ಸರ. ಸೂರ್ಯ ಇನ್ನ ಅರ್ಧ ಅದಾನ.”

“ಅರ್ಧ ಎಲ್ಲೀದು, ಬರೇ ಅಂಚು ಉಳದೈತಿ!”

“ನಂದೊಂದ ತುತ್ತು,” ಎಂದು ದುಂಡವ್ವ ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ತಡವರಿಸಿ, ಮೊದಲು ಅವನ ಕಿವಿ, ಆಮೇಲೆ ಮೂಗು, ಕೊನೆಗೆ ಬಾಯಿ ಹುಡುಕಿ, ಅರ್ಧ ಹೋಳಿಗೆಯನ್ನು ಮಡಚಿ ಪೂರಾ ತುರುಕಿದಳು.

“ಆತು,” ಎಂದರು ಕಾಕಾಸಾಹೇಬರು. “ಮುಳುಗಿತು.”

ಬಡಿಸುತ್ತಿದ್ದವರು ಬುಟ್ಟಿ ಕೆಳಗಿಟ್ಟರು.

ಉಗುಳಿದರೆ ಅದು ಈ ಮುದುಕಿಯ ಕೈತುತ್ತು. ನುಂಗಿದರೆ ಕಾಕಾಸಾಹೇಬರು ನೋಡುತ್ತಿದ್ದಾರೆ. ಬೆಲ್ಲ ಕರಗಿ ಗಂಟಲಿಗೆ ಇಳಿಯುತ್ತಿತ್ತು; ಅದು ಲೆಕ್ಕಕ್ಕೆ ಬರುತ್ತದೆಯೆ? ಕೇಳಲು ಬಾಯಿ ಖಾಲಿ ಇರಲಿಲ್ಲ.

“ನುಂಗಿದ್ರೇನ್ರಿ ಸರ?” ದುಂಡವ್ವನ ಬೆರಳುಗಳು ಅವನ ಉಬ್ಬಿದ ಕೆನ್ನೆಯ ಮೇಲೆ ಕಾಯುತ್ತಿದ್ದವು.

ಅಂಗಳಕ್ಕೆ ಕತ್ತಲು ಬಂತು. ಯಾರೂ ದೀಪ ಹಚ್ಚಲಿಲ್ಲ. ಮೂವತ್ತು ಜನ ಉಸಿರು ಬಿಗಿಹಿಡಿದು ಅವನ ಗಂಟಲನ್ನೇ ನೋಡುತ್ತ ನಿಂತಿದ್ದರು, ಅಲ್ಲಿಂದ ಏನೋ ಹುಟ್ಟಿ ಬರಲಿದೆ ಎಂಬಂತೆ.