ದಡ ಮುಟ್ಟದ ಬೆಳ್ಳಿಮೀನು

ಮಧ್ಯಾಹ್ನ ಊಟವಾದ ಮೇಲೆ ಮಕ್ಕಳು ಮಲಗುತ್ತಿದ್ದರು, ನಾನು ಅವರ ಬಾಯಿ ಕಾಯುತ್ತಾ ಕೂರುತ್ತಿದ್ದೆ. ನನಗೆ ಸಂಬಳ ಬರುತ್ತಿದ್ದದ್ದೇ ಅದಕ್ಕೆ. ಬೇರೆಯವರು ಬಿಡಿ, ನನ್ನ ಹೆತ್ತಮ್ಮನೇ ಇದನ್ನು ನಂಬಿರಲಿಲ್ಲ.

ಮಕ್ಕಳ ತೊಟ್ಟಿಲು, ಕುರ್ಚಿ, ಹೊದಿಕೆ, ಸ್ನಾನದ ಟಬ್ಬು ಮಾಡುವ ಕಾರ್ಖಾನೆ ನಮ್ಮದು. ಹೊಸ ಸಾಮಾನು ತಯಾರಾದರೆ ಮೊದಲು ಅದನ್ನು ಹಳದಿ ಪರದೆಯ ಕೋಣೆಗೆ ತಂದಿಡುತ್ತಿದ್ದರು. ಕೆಲಸಗಾರರ ಮಕ್ಕಳು ಅದನ್ನು ಎಳೆದಾಡಿ, ಹತ್ತಿಳಿದು, ನೆಕ್ಕಿ ನೋಡಿ, ಸುಸ್ತಾಗಿ ಅಲ್ಲೇ ಚಾಪೆಯ ಮೇಲೆ ನಿದ್ದೆ ಹೋಗುತ್ತಿದ್ದವು. ಎಚ್ಚರವಾಗುವ ಹೊತ್ತಿಗೆ, ಕಣ್ಣು ಇನ್ನೂ ಬಿಟ್ಟಿರುವುದಿಲ್ಲ, ಆಗ ಮಕ್ಕಳು ಏನಾದರೊಂದು ಅನ್ನುತ್ತವೆ. ಅದನ್ನು ಹಿಡಿದುಕೊಂಡು ಹೋಗಿ ಮಾಲೀಕರಿಗೆ ಹೇಳಬೇಕು. ಅದೇ ಆ ಸಾಮಾನಿನ ಹೆಸರು. "ನಿದ್ದೆಯಲ್ಲಿ ಬಂದ ಹೆಸರಲ್ಲಿ ಕಪಟ ಇರಲ್ಲ" ಎನ್ನುವುದು ಮಾಲೀಕರ ನಂಬಿಕೆ. 'ಅಮ್ಮನ ಕಿವಿ' ಎಂಬ ಹೊದಿಕೆ, 'ಇನ್ನೊಂಚೂರು' ಎಂಬ ಊಟದ ಕುರ್ಚಿ, ಎರಡೂ ಹಾಗೆ ಬಂದವು. ಅಂಗಡಿಗೆ ಹೋದದ್ದೇ ತಡ, ಖಾಲಿಯಾದವು. ಆಮೇಲೆ ಎಲ್ಲರೂ ನನ್ನನ್ನು ಹೆಸರಕ್ಕ ಎಂದೇ ಕರೆಯತೊಡಗಿದರು.

ಆ ಕೋಣೆ ನನಗೆ ಪ್ರಾಣ. ಬಿಸಿಲು ಪರದೆಯೊಳಗೆ ಸೋಸಿ ಬಂದು ಮಕ್ಕಳ ಕೆನ್ನೆಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಹಾಲಿನ ವಾಸನೆ, ಹೊಸ ಪ್ಲಾಸ್ಟಿಕ್ಕಿನ ವಾಸನೆ, ಎಷ್ಟೋ ಪುಟ್ಟ ಉಸಿರುಗಳ ಸದ್ದು. ಕೂತಲ್ಲೇ ನನಗೂ ಮಂಪರು ಕವಿಯುತ್ತಿತ್ತು. ಕಿವಿಗೆ ಬಿದ್ದ ಮಾತು ಮಗು ಆಡಿದ್ದೋ, ನನ್ನ ಕನಸಿನಲ್ಲಿ ಬಂದದ್ದೋ, ಎಷ್ಟೋ ಸಲ ತಿಳಿಯುತ್ತಿರಲಿಲ್ಲ.

ಮೀನಿನ ಆಕಾರದ ಸ್ನಾನದ ಟಬ್ಬು ಬಂದ ದಿನ ಮೊದಲು ತುಟಿ ಅಲ್ಲಾಡಿಸಿದ್ದು ನನ್ನ ಮಗಳೇ. ಅವಳು ಅಳುವುದಕ್ಕೆ ಕೂತರೆ ಪಿಟೀಲು ಕುಯ್ದ ಹಾಗೆ, ಅದಕ್ಕೇ ಮನೆಯಲ್ಲಿ ಅವಳು ಪಿಟೀಲು. ಆದರೆ ಅವತ್ತು ಅಳಲಿಲ್ಲ. ನಿದ್ದೆಗಣ್ಣಲ್ಲೇ ನಗುತ್ತಾ, "ಬೆಳ್ಳಿಮೀನು ಬಂತು" ಎಂದಳು. ಇದಕ್ಕಿಂತ ಚಂದದ ಹೆಸರು ಇನ್ನೇನು ಬೇಕು ಹೇಳಿ. ಮಾಲೀಕರು ಕುಣಿದಾಡಿಬಿಟ್ಟರು. ಟಬ್ಬಿನ ಪಕ್ಕದಲ್ಲಿ ನೀಲಿ ಅಕ್ಷರದಲ್ಲಿ ಹೆಸರು ಬರೆಸಿದರು. ಜಾಹೀರಾತಿನ ಸಾಲು ಅವರದೇ: 'ಬೆಳ್ಳಿಮೀನಿನಲ್ಲಿ ನಿಮ್ಮ ಮಗು ಮುಳುಗಿ ಏಳಲಿ!'

ಪೇಟೆಬೀದಿಯ ಅಂಗಡಿಯವನು ಮೊದಲ ಟಬ್ಬನ್ನು ಬಾಗಿಲಲ್ಲೇ ಇಟ್ಟ. ಎದುರುಗಡೆ ಒಬ್ಬ ಮುದುಕ ಟೈಲರ್ ಇದ್ದಾರೆ, ಮಿತಭಾಷಿ. ಅವರು ಹೊಲಿಗೆ ಯಂತ್ರದಿಂದ ತಲೆಯೆತ್ತಿ ನೋಡಿದರಂತೆ. ಎದ್ದು ರಸ್ತೆ ದಾಟಿ ಬಂದು, ಒಂದು ಮಾತೂ ಆಡದೆ ಟಬ್ಬನ್ನು ಕವುಚಿ ಹಾಕಿ, ಹೆಸರಿನ ಮೇಲೆ ಕಾಲು ಇಳಿಬಿಟ್ಟು ಅದರ ಮೇಲೆ ಕೂತುಬಿಟ್ಟರಂತೆ. ಅಂಗಡಿಯವನು ಬೇಡಿಕೊಂಡ, ಗದರಿಸಿದ, ನೀರು ತಂದುಕೊಟ್ಟ. ಅವರು ಅಲ್ಲಾಡಲಿಲ್ಲ. ಅಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಅಜ್ಜಿ ನಿಂತಳು, ಆಮೇಲೆ ಇನ್ನೊಬ್ಬರು. ವಯಸ್ಸಾದವರೆಲ್ಲ ಒಬ್ಬೊಬ್ಬರಾಗಿ ಬಂದು ಅವರ ಸುತ್ತ ನಿಂತರು. ಯಾರೋ ಫೋಟೋ ತೆಗೆದು ಫೋನಿನಲ್ಲಿ ಹಂಚಿದರು.

ಆಗ ಹೊರಬಿದ್ದ ವಿಷಯ ಇದು. ಮೂವತ್ತು ಚಿಲ್ಲರೆ ವರ್ಷದ ಹಿಂದೆ, ಸೇತುವೆ ಆಗುವುದಕ್ಕೆ ಮುಂಚೆ, ಹೊಳೆ ದಾಟಿಸುತ್ತಿದ್ದ ಬಿಳೀ ದೋಣಿಯ ಹೆಸರು ಬೆಳ್ಳಿಮೀನು. ಒಂದು ಬೆಳಿಗ್ಗೆ ಶಾಲೆಯ ಮಕ್ಕಳು ಪ್ರವಾಸ ಹೊರಟಿದ್ದರು. ದೋಣಿ ಮಂಜಿನೊಳಗೆ ಹೋಯಿತು, ಆಚೆ ದಡ ಮುಟ್ಟಲಿಲ್ಲ. ಒಂದು ಹಲಗೆಯೂ ಸಿಗಲಿಲ್ಲ.

ನಾನು ಈ ಊರಿಗೆ ಸೊಸೆಯಾಗಿ ಬಂದವಳು, ಮಾಲೀಕರು ಅಗ್ಗದ ಜಾಗ ಹುಡುಕಿಕೊಂಡು ಬಂದವರು. ನಮಗೆ ಗೊತ್ತಿರಲಿಲ್ಲ ಸರಿ. ಆದರೆ ಇಲ್ಲೇ ಹುಟ್ಟಿ ಬೆಳೆದ ಹುಡುಗಿಯರು ಎಷ್ಟು ಜನ ಕಾರ್ಖಾನೆಯಲ್ಲಿದ್ದಾರೆ, ಅವರಿಗೂ ಗೊತ್ತಿರಲಿಲ್ಲ! ಆ ಹೆಸರನ್ನು ಇನ್ನು ಬಾಯಿಗೆ ತರುವುದಿಲ್ಲ ಎಂದು ಅಪ್ಪ ಅಮ್ಮಂದಿರೆಲ್ಲ ಆಗಲೇ ಮಾತು ಕೊಟ್ಟುಕೊಂಡಿದ್ದರಂತೆ. ಒಂದು ಕಲ್ಲು ನಿಲ್ಲಿಸಲಿಲ್ಲ, ಒಂದು ಫಲಕ ಹಾಕಲಿಲ್ಲ. ಊರಿಗೆ ಊರೇ ತುಟಿ ಪಿಟಕ್ಕೆನ್ನದೆ ಕೂತು, ಈಗ 'ನಿಮಗೆ ಗೊತ್ತಾಗಬೇಡವೇ' ಎಂದು ನಮ್ಮ ಮೇಲೆ ಬಿದ್ದರೆ? ನನಗೆ ಮೈಯೆಲ್ಲ ಉರಿಯಿತು. ಅದಕ್ಕಿಂತ ಉರಿದದ್ದು ದೂರದ ಜನರ ಮಾತಿಗೆ. ಯಾವುದೋ ಊರಲ್ಲಿ ಕೂತು, ಹೊಳೆಯನ್ನೂ ಕಾಣದವರು, ನಮ್ಮನ್ನು ಮಕ್ಕಳ ಸಾವು ಮಾರುವವರು ಎಂದು ಬಾಯಿಗೆ ಬಂದಂತೆ ಬೈದರು. ಲಾರಿಯಲ್ಲಿ ಹೋದ ಟಬ್ಬುಗಳೆಲ್ಲ ಲಾರಿಯಲ್ಲೇ ವಾಪಸು ಬಂದವು.

ಮಾಲೀಕರು ಮುಖ ಸಣ್ಣದು ಮಾಡಿಕೊಂಡು ನನ್ನನ್ನು ಕರೆದರು. "ಹೆಸರಕ್ಕ, ಊರಿನವರು ನಾಡಿದ್ದು ಇಲ್ಲಿಗೇ ಬರ್ತಾರೆ. ಆ ಹೆಸರು ಯಾವ ಮಗು ಹೇಳಿದ್ದು, ಅದಕ್ಕೆ ಯಾರು ಹೇಳಿಕೊಟ್ಟಿದ್ದು, ಎಲ್ಲಾ ಅವರ ಮುಂದೆ ಹೇಳಿಬಿಡಿ. ಇಲ್ಲಾಂದ್ರೆ ನೀವೇ ಬೇಕೂಂತ ಇಟ್ಟಿದ್ದು ಅಂತಾಗುತ್ತೆ. ಆಮೇಲೆ ನಾನು ನಿಮ್ಮನ್ನ ಕೆಲಸದಲ್ಲಿ ಇಟ್ಕೊಳ್ಳೋಕೆ ಆಗಲ್ಲ."

ಮನೆಗೆ ಬಂದು ಪಿಟೀಲನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದೆ. "ಬೆಳ್ಳಿಮೀನು ಅಂತ ಯಾರು ಹೇಳಿದ್ದು ಮರಿ?"

"ಅದು ಅಜ್ಜಿ ದೋಣಿ" ಎಂದಳು, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ.

ನನ್ನ ಅತ್ತೆ ಮಾತಿನವರಲ್ಲ. ಅವರಿಗೆ ಒಬ್ಬಳು ಮಗಳಿದ್ದಳು, ನನ್ನ ಗಂಡ ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಳು ಎನ್ನುವಷ್ಟು ಮಾತ್ರ ಕೇಳಿದ್ದೆ. ಜ್ವರವೋ ಏನೋ ಇರಬೇಕು ಎಂದುಕೊಂಡು ಕೆದಕಲು ಹೋಗಿರಲಿಲ್ಲ. ನನ್ನ ಗಂಡನಿಗೂ ಹೆಚ್ಚೇನೂ ಗೊತ್ತಿರಲಿಲ್ಲ.

ಮರುದಿನ ಸಂಜೆ ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಮೊಮ್ಮಗಳ ತಲೆ ಬಾಚುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಅವರು ಅಷ್ಟು ಮಾತಾಡುತ್ತಾರೆ ಎಂದೇ ನನಗೆ ಗೊತ್ತಿರಲಿಲ್ಲ. ಮಂಜಿನಲ್ಲಿ ಒಂದು ಬಿಳೀ ದೋಣಿ ಹೋಗುತ್ತಾ ಇದೆಯಂತೆ. ಹೊಳೆ ಯಾವುದು, ಆಕಾಶ ಯಾವುದು ತಿಳಿಯುವುದಿಲ್ಲ. ದೋಣಿಯ ಮೂತಿಯಲ್ಲಿ ಕೆಂಪು ರಿಬ್ಬನ್ನಿನ ಹುಡುಗಿ ಕೂತಿದ್ದಾಳೆ, ನೀರಿಗೆ ಬೆರಳು ಅದ್ದಿದರೆ ಬೆರಳ ತುದಿ ಹೊಳೆಯುತ್ತದೆ. ಹಿಂದೆ ಹುಡುಗರು ಜಗಳ ಕಾಯುತ್ತಿದ್ದಾರೆ. ಒಬ್ಬಳಿಗೆ ಬಿಕ್ಕಳಿಕೆ ನಿಲ್ಲುತ್ತಲೇ ಇಲ್ಲ, ಎಲ್ಲರೂ ಅವಳನ್ನು ಹೆದರಿಸಿ ಬಿಕ್ಕಳಿಕೆ ನಿಲ್ಲಿಸಲು ನೋಡುತ್ತಿದ್ದಾರೆ.

"ಎಲ್ಲಿಗೆ ಹೋಗ್ತಾ ಇದ್ದಾರೆ ಅಜ್ಜಿ?"

"ಎಲ್ಲಿಗೂ ಇಲ್ಲ ಪುಟ್ಟ. ಸುಮ್ಮನೆ ಹೋಗ್ತಾ ಇದ್ದಾರೆ."

ನಾನು ನಿಂತಲ್ಲೇ ಅತ್ತುಬಿಟ್ಟೆ. ಈ ಹೆಂಗಸು ಇಷ್ಟು ವರ್ಷ ಮಗಳು ಕೂತ ಆ ದೋಣಿಯನ್ನು ಮುಳುಗಲು ಬಿಟ್ಟೇ ಇರಲಿಲ್ಲ.

ಅತ್ತೆ ನನ್ನನ್ನು ನೋಡಿದರು. ಪಿಟೀಲು ಆಡಲು ಓಡಿದ ಮೇಲೆ ಬಾಚಣಿಗೆಯಿಂದ ಕೂದಲು ಬಿಡಿಸುತ್ತಾ ಮೆಲ್ಲಗೆ ಹೇಳಿದರು. "ಯಾರ ಹತ್ತಿರಾನೂ ಹೇಳಬೇಡ ಕಣೆ. ಎಲ್ಲರೂ ಮಾತು ಉಳಿಸಿಕೊಂಡರು, ನಾನೊಬ್ಬಳೇ ತಪ್ಪಿದೆ. ಅವರವರ ಮಕ್ಕಳನ್ನ ಕಥೆ ಮಾಡಿಕೊಂಡು ಕೂತಿದೀನಿ ಅಂತ ಗೊತ್ತಾದ್ರೆ ನನ್ನ ಮುಖ ನೋಡ್ತಾರಾ? ಅವರ ಬೀದೀಲಿ ನಾನು ಓಡಾಡೋದು ಹೇಗೆ?"

"ನನ್ನ ಬಾಯಿಂದ ಬರಲ್ಲ ಅತ್ತೆ" ಎಂದೆ. ಕೆಲಸ ಹೋದರೆ ಹೋಗಲಿ ಎಂದು ಆಗಲೇ ನಿರ್ಧರಿಸಿದೆ. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಹಳದಿ ಕೋಣೆಯೇ ಕಣ್ಣ ಮುಂದೆ ಬರುತ್ತಿತ್ತು.

ಪ್ಯಾಕಿಂಗ್ ಹಾಲಿನಲ್ಲಿ ಸಭೆ ಸೇರಿತು. ವಾಪಸು ಬಂದ ಟಬ್ಬುಗಳನ್ನು ಗೋಡೆಯ ಪಕ್ಕ ಪೇರಿಸಿ ಮೇಲೆ ಬಟ್ಟೆ ಹೊದಿಸಿದ್ದರು. ಎತ್ತರದ ಕಿಟಕಿಗಳಿಂದ ಬಿಸಿಲು ಇಳಿದು ಹಾಲಿನ ತುಂಬ ರಟ್ಟಿನ ದೂಳು ತೇಲುತ್ತಿತ್ತು. ಮುದುಕರು, ಮುದುಕಿಯರು ಡಬ್ಬಗಳ ಮೇಲೆ ಕೂತರು. ಟೈಲರ್ ಎಲ್ಲರಿಗಿಂತ ಮುಂದೆ, ಕೊರಳಲ್ಲಿ ಟೇಪು ಹಾಗೇ ಇತ್ತು.

ಮಾಲೀಕರು ಕೈಮುಗಿದು ಕ್ಷಮೆ ಕೇಳಿ, ಹೆಸರು ಅಳಿಸಿ ಹಾಕುತ್ತೇವೆ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನಾನೇ ಇಟ್ಟೆ" ಎಂದೆ. "ಯಾರೂ ಹೇಳಿಕೊಡಲಿಲ್ಲ. ನನ್ನ ತಲೆಗೇ ಹೊಳೀತು."

"ಆ ಹೆಸರು ತಾನಾಗಿ ಯಾರ ತಲೆಗೆ ಹೊಳೆಯುತ್ತಮ್ಮಾ?" ಟೈಲರ್ ಕೇಳಿದರು. ಕೂಗಲಿಲ್ಲ. "ನಮ್ಮನ್ನ ಆಟ ಆಡಿಸ್ತೀಯಾ?"

ಹಿಂದಿನಿಂದ ಎಲ್ಲರೂ ಒಟ್ಟಿಗೆ ಬಾಯಿ ಮಾಡತೊಡಗಿದರು. ನಾನು ತಲೆ ತಗ್ಗಿಸಿ ನಿಂತೆ. ನೀವು ಹೇಳಿದ್ದರೆ ಹೀಗಾಗುತ್ತಿತ್ತಾ ಎಂದು ಕಿರುಚಬೇಕು ಅನಿಸಿತು, ತಡೆದುಕೊಂಡೆ.

"ಅವಳನ್ನ ಬಿಡಿ."

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಪಿಟೀಲನ್ನು ಎಲ್ಲಿ ಬಿಟ್ಟು ಬಂದರೋ ಏನೋ, ಒಬ್ಬರೇ ಇದ್ದರು. ಬಿಸಿಲಿನ ಪಟ್ಟಿಗಳನ್ನು ಒಂದೊಂದಾಗಿ ದಾಟಿಕೊಂಡು ನಿಧಾನವಾಗಿ ಬಂದು ನನ್ನ ಪಕ್ಕ ನಿಂತರು. "ಹೆಸರು ನಮ್ಮನೆಯಿಂದ ಹೋಗಿದ್ದು. ಮೊಮ್ಮಗಳಿಗೆ ದಿನಾ ಆ ದೋಣಿ ಕಥೆ ಹೇಳ್ತೀನಿ. ಅವಳು ಹುಟ್ಟೋಕೆ ಮುಂಚೆ ನನಗೆ ನಾನೇ ಹೇಳಿಕೊಳ್ತಿದ್ದೆ. ಮಾತು ತಪ್ಪಿದವಳು ನಾನು. ಏನು ಅನ್ನಬೇಕೋ ನನಗೆ ಅನ್ನಿ."

ಹೊರಗೆ ಲಾರಿಯೊಂದನ್ನು ಹಿಂದಕ್ಕೆ ತೆಗೆಯುವ ಸದ್ದು ಬಂದು ನಿಂತಿತು. ನಾನು ಅತ್ತೆಯ ಕೈ ಹಿಡಿದುಕೊಂಡೆ. ಈಗ ಎಲ್ಲರೂ ಎದ್ದು, ಮುಖ ತಿರುಗಿಸಿ ಹೋಗುತ್ತಾರೆ ಎಂದುಕೊಂಡೆ.

ಮೂಲೆಯಲ್ಲಿ ಕೂತಿದ್ದ ದಪ್ಪ ಕನ್ನಡಕದ ಹೆಂಗಸೊಬ್ಬಳು ಕೇಳಿದಳು. "ಕಥೇಲಿ ಮುಳುಗುತ್ತಾ?"

"ಇಲ್ಲ ಕಣೆ. ಹೋಗ್ತಾ ಇದೆ."

"ನಮ್ಮವಳು ಇದ್ದಾಳಾ ಅದರಲ್ಲಿ?"

"ಇಲ್ಲದೆ ಏನು. ಬಿಕ್ಕಳಿಕೆ ಬಂದು ಎಲ್ಲರನ್ನೂ ನಗಿಸ್ತಾ ಇದ್ದಾಳೆ."

ಆ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ. "ಹೌದು, ಅವಳಿಗೆ ಬಿಕ್ಕಳಿಕೆ ಬಂದ್ರೆ ಹಾಗೇನೇ" ಎಂದಳು ಪಕ್ಕದವಳಿಗೆ. ಆಮೇಲೆ ಡಬ್ಬ ಎಳೆದುಕೊಂಡು ಒಬ್ಬೊಬ್ಬರೇ ಹತ್ತಿರ ಬಂದರು. ನನ್ನ ಅವಳಿಗಳು ಜೊತೆಗೇ ಕೂತಿದ್ದಾರಾ, ನಮ್ಮವನಿಗೆ ನೀರು ಕಂಡರೆ ಭಯ, ಈಗ ಹೇಗಿದ್ದಾನೆ ಎಂದೆಲ್ಲ ಕೇಳಿದರು. ಅತ್ತೆ ಎಲ್ಲರಿಗೂ ಹೇಳಿದರು. ತಡವರಿಸಲಿಲ್ಲ, ಯೋಚಿಸಲೂ ಇಲ್ಲ. ಈಗಷ್ಟೇ ನೋಡಿ ಬಂದವರ ಹಾಗೆ ಹೇಳುತ್ತಾ ಹೋದರು. ಮಾಲೀಕರು ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟಿದ್ದರು.

ಟೈಲರ್ ಮಾತ್ರ ಏನೂ ಕೇಳಿರಲಿಲ್ಲ. ಕೊರಳಿನ ಟೇಪನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದರು. ಎಲ್ಲರ ಮಾತೂ ನಿಂತ ಮೇಲೆ ತಲೆಯೆತ್ತಿದರು.

"ಅವತ್ತಿಗೆ ಅಂತಲೇ ಹೊಸ ಅಂಗಿ ಹೊಲಿದುಕೊಟ್ಟಿದ್ದೆ ಮಗನಿಗೆ" ಎಂದರು. "ಬೆಳೆಯೋ ಹುಡುಗ ಅಂತ ಸ್ವಲ್ಪ ದೊಡ್ಡದೇ ಹೊಲಿದಿದ್ದೆ. ಈಗ ಸರಿಯಾಗುತ್ತಾ?"

ಅತ್ತೆ ಅವರನ್ನೇ ನೋಡಿದರು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವರ ಕಣ್ಣು ತುಂಬಿತು.

"ಇಲ್ಲ ಅಣ್ಣ" ಎಂದರು. "ಇನ್ನೂ ದೊಡ್ಡದೇ ಇದೆ. ತೋಳು ಮಡಚಿಕೊಂಡಿದ್ದಾನೆ."