ಅಳತೆ ಸಿಗದ ಕುಲಾವಿ

ದರ್ಜಿ ಅಂಗಡಿಯ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು ಕತ್ತರಿಯಮ್ಮ. ಕೈಯಲ್ಲಿರೋದಕ್ಕಿಂತ ಬಾಯಲ್ಲಿರೋದೇ ಹರಿತ ಅಂತ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರ, ಆ ಆಗಮನ ಕಾಲ ಶುರುವಾಯಿತೆಂದರೆ ಅವಳಿಗೆ ಮೈಯೆಲ್ಲ ಉರಿ. ಚರ್ಚಿನಲ್ಲಿ ವಾರಕ್ಕೊಂದು ಮೇಣದಬತ್ತಿ ಹಚ್ಚಿ "ದೇವರು ಪ್ರೀತಿಸ್ತಾನೆ, ಕಾಯೋಣ" ಅಂತ ಕಣ್ಣು ಮುಚ್ಚೋ ಹೆಂಗಸರು, ಹೊಲಿಗೆ ಒಂದು ದಿನ ತಡವಾದರೆ ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ತಾರೆ. ಥೂ, ಇವರ ತಾಳ್ಮೆಗಿಷ್ಟು ಬೆಂಕಿ ಹಾಕ! ಹಠಕ್ಕೆಂದೇ ಅವಳು ಭಾನುವಾರವೂ ಅಂಗಡಿ ತೆರೆಯುತ್ತಿದ್ದಳು.

ಈ ಸಲ ಆ ಕಾಯೋ ಹುಚ್ಚು ಸ್ವಂತ ತಂಗಿಗೇ ಹಿಡಿದಿತ್ತು. ಹಿಂದೆ ಎರಡು ಹೆರಿಗೆ, ಎರಡೂ ಕೂಸು ಉಸಿರಿಲ್ಲದೆಯೇ ಬಂದಿದ್ದವು. ಈಗ ಮೂರನೆಯದಕ್ಕೆ ಎಂಟು ತಿಂಗಳು. ಎರಡನೇ ಬತ್ತಿ ಹಚ್ಚಿದ ಭಾನುವಾರ ಚರ್ಚಿನಿಂದ ನೇರ ಅಂಗಡಿಗೆ ಬಂದವಳು, ಮೆತ್ತನೆಯ ಬಿಳಿ ಬಟ್ಟೆಯ ತುಂಡೊಂದನ್ನು ಮಿಷನ್ ಮೇಲಿಟ್ಟಳು.

"ಅಕ್ಕ, ಒಂದು ಕುಲಾವಿ ಹೊಲಿದುಕೊಡೇ."

ಅಕ್ಕ ನಕ್ಕೇಬಿಟ್ಟಳು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅನ್ನೋ ಗಾದೆ ಕೇಳಿದ್ದೆ, ಗಿರಾಕೀನ ಈಗ ನೋಡ್ತಿದ್ದೀನಿ. ಅಳತೆ ಎಲ್ಲಿ? ಅಳತೆ ಇಲ್ಲದೆ ನಾನು ಬಟ್ಟೆಗೆ ಕತ್ತರಿ ಹಾಕಲ್ಲ. ನಿನ್ನ ದೇವರನ್ನೇ ಕೇಳು, ಚೀಟೀಲಿ ಬರೆದುಕೊಡಲಿ. ಎರಡು ಸಲ ಪ್ರೀತಿಸಿದ್ದು ಸಾಲದಾ ಅವನಿಗೆ?"

ಮಾತು ಬಾಯಿ ದಾಟಿದ ಮೇಲೆ ಅವಳಿಗೇ ಚುರ್ ಎಂದಿತು. ಆದರೂ ಸೋಲಬಾರದಲ್ಲ, ಕೈಯಲ್ಲಿದ್ದ ಅಂಗಿಯ ಕಾಜದ ದಾರ ಕಚ್ಚಿ ತುಂಡು ಮಾಡಿದಳು.

ತಂಗಿ ಅಳಲಿಲ್ಲ. "ಆ ಎರಡು ಸಲವೂ ನೀನು ಏನೂ ಹೊಲೀಲಿಲ್ಲ. ಜಾಣತನ ಮಾಡಿದೆ. ಅದರಿಂದ ಯಾವುದು ಉಳೀತು ಅಕ್ಕ? ಇಬ್ಬರನ್ನೂ ಆಸ್ಪತ್ರೆ ಟವೆಲಲ್ಲೇ ಸುತ್ತಿ ಮಣ್ಣು ಮಾಡಿದ್ವಿ."

"ಇದು ಉಳಿಯುತ್ತೆ ಅಂತ ನಿನ್ನ ದೇವರು ಮಾತು ಕೊಟ್ಟಿದ್ದಾನಾ?"

"ಇಲ್ಲ. ಉಳಿದರೂ ಹೋದರೂ ಇದು ಅವನಿಗೆ ಬೇಕಾದ ಮಗು. ಅಷ್ಟನ್ನ ನಂಬಿದ್ದೀನಿ. ಬೇಕಾದ ಮಗು ಬರಿತಲೇಲಿ ಇರಬಾರದು."

ಆ ಟವೆಲು ಸುತ್ತಿದ್ದು ಕತ್ತರಿಯಮ್ಮನದೇ ಕೈ. ಇಷ್ಟು ದಿನ ಚರ್ಚಿನ ಹೆಂಗಸರ ಮೇಲೆ ಉಗಿದ ಅಸಹ್ಯವೆಲ್ಲ ತನ್ನ ಮೇಲೇ ಬಂತು. ಕೊರಳಲ್ಲಿದ್ದ ಟೇಪು ಎಳೆದುಕೊಂಡಳು.

"ಆ ಇಬ್ಬರ ತಲೆ..." ಟೇಪಿನ ಸುರುಳಿ ಬಿಡಿಸಿದಳು. "ಎಷ್ಟಿತ್ತೇ?"

ತಂಗಿ ಎರಡೂ ಅಂಗೈ ಬಟ್ಟಲು ಮಾಡಿ ಮುಂದೆ ಹಿಡಿದಳು.

"ಅಲುಗಾಡಬೇಡ," ಎಂದು ಗದರಿ, ಅಕ್ಕ ಆ ಖಾಲಿ ಕೈಗಳ ಸುತ್ತ ಟೇಪು ಹಾಕಿ ಎರಡು ಸಲ ಅಳೆದಳು.