ಹದಿನೇಳನೆಯ ಸೂಜಿ

ಗುಂಡುಸೂಜಿ ಎಂದರೆ ಹಗುರವಾಗಿ ಮಾತಾಡುವ ವಿಷಯವಲ್ಲ. ಆ ಹೊಲಿಗೆ ಅಂಗಡಿಯಲ್ಲಂತೂ ಅದಕ್ಕಿಂತ ಗುರುತರವಾದ ವಿಷಯ ಇನ್ನೊಂದಿರಲಿಲ್ಲ. ಗಿರಾಕಿಗೆ ಬಟ್ಟೆ ತೊಡಿಸಿ ಅಳತೆ ಸರಿಮಾಡುವಾಗ ಎಷ್ಟು ಸೂಜಿ ಚುಚ್ಚಿದರೋ ಅಷ್ಟೂ ಡಬ್ಬಿಗೆ ವಾಪಸಾಗುವ ತನಕ ಆ ಬಟ್ಟೆ ಅಂಗಡಿಯ ಹೊಸ್ತಿಲು ದಾಟುವಂತಿಲ್ಲ. ಚುಚ್ಚುವಾಗ ಎಣಿಸಬೇಕು, ತೆಗೆಯುವಾಗ ಮತ್ತೆ ಎಣಿಸಬೇಕು. ಈ ಕಾನೂನು ಬಂದದ್ದು ಒಬ್ಬ ವಕೀಲರು ಹೊಸ ಪ್ಯಾಂಟು ತೊಟ್ಟು ಕೋರ್ಟಿನಲ್ಲಿ ಕುಳಿತ ಮೇಲೆ. ಕುಳಿತಷ್ಟೇ ಬೇಗ ಎದ್ದರಂತೆ. ಏನಾದರೂ ಆಕ್ಷೇಪಣೆ ಇದೆಯೇ ಎಂದು ನ್ಯಾಯಾಧೀಶರು ಕೇಳಿದರಂತೆ.

ಅಲ್ಲಿ ಹನ್ನೊಂದು ವರ್ಷದಿಂದ ಫಿಟ್ಟಿಂಗ್ ನೋಡಿಕೊಳ್ಳುತ್ತಿದ್ದವಳ ಎಣಿಕೆ ಒಂದು ದಿನವೂ ತಪ್ಪಿರಲಿಲ್ಲ. ಮನೆಯಲ್ಲಿ ಮಾತ್ರ ಯಾವ ಲೆಕ್ಕವೂ ಹೊಂದುತ್ತಿರಲಿಲ್ಲ. ಮೂರು ವರ್ಷದ ಐವಿಎಫ್‌ನಲ್ಲಿ ಐದು ಭ್ರೂಣಗಳಾಗಿದ್ದವು, ನಾಲ್ಕು ನಿಲ್ಲದೆ ಹೋಗಿದ್ದವು. ಐದನೆಯದನ್ನು ಗುರುವಾರ ಮಧ್ಯಾಹ್ನ ಅವಳ ಗರ್ಭದೊಳಗೆ ಇಡುವುದಿತ್ತು. ಅದಾದಮೇಲೆ ಮತ್ತೆ ಪ್ರಯತ್ನಿಸುವುದರಲ್ಲಿ ಅರ್ಥವಿಲ್ಲವೆಂದು ಆಸ್ಪತ್ರೆಯ ಡಾಕ್ಟರು, ಹವಾಮಾನ ಹೇಳುವವರ ದನಿಯಲ್ಲಿ, ಹೇಳಿದ್ದರು.

ಅಕ್ಯುಪಂಕ್ಚರ್ ನಾದಿನಿಯ ಸಲಹೆ.

“ಅತ್ತಿಗೆ, ಒಂದ್ಸಲ ಹೋಗ್ಬನ್ನಿ. ನಮ್ಮ ಆಫೀಸಲ್ಲಿ ಒಬ್ಬಳು ಒಂದೇ ಸಲ ಚುಚ್ಚಿಸ್ಕೊಂಡಿದ್ದು, ಅವಳಿ ಮಕ್ಕಳು!”

“ಅವಳಿಗೆಷ್ಟು ವಯಸ್ಸು?”

“ಇಪ್ಪತ್ತಾರು.”

“ನನಗೆ ನಲವತ್ತೊಂದು. ಅದಕ್ಕೆ ಎಷ್ಟು ಸೂಜಿ ಜಾಸ್ತಿ ಹಾಕ್ತಾರಂತೆ?”

“ಮೊದಲು ನಿಮ್ಮ ನಾಲಿಗೆಗೆ ಒಂದು ಹಾಕ್ಲಿ.”

ಗಂಡ ಲಿಫ್ಟ್ ರಿಪೇರಿಯವನು. ಹಗ್ಗ, ರಾಟೆ, ಮೋಟರುಗಳಲ್ಲಿ ಮಾತ್ರ ನಂಬಿಕೆಯಿದ್ದವನು. “ಎರಡು ತಿಂಗಳಿಂದ ದಿನಾ ನಿನ್ನ ಹೊಟ್ಟೆಗೆ ಇಂಜೆಕ್ಷನ್ ಚುಚ್ತಿದೀನಿ, ನನ್ನ ಕೈಗುಣ ಸಾಕಾಗ್ಲಿಲ್ವಾ?” ಎಂದ. ಆದರೂ ಗುರುವಾರ ಬೆಳಿಗ್ಗೆ ರಜೆ ಹಾಕಿ ಸ್ಕೂಟರಿನಲ್ಲಿ ಕರೆತಂದು, ಕೆಳಗೇ ನಿಂತ.

ಸೂಜಿ ಡಾಕ್ಟರ ಕೋಣೆ ಹಲ್ಲಿನ ಡಾಕ್ಟರ ಮೇಲಿನ ಮಹಡಿಯಲ್ಲಿತ್ತು. ಮನಸ್ಸು ಶಾಂತವಾಗಲೆಂದು ಸ್ಪೀಕರಿನಲ್ಲಿ ನೀರು ಹರಿಯುವ ಸದ್ದು ಹಾಕಿದ್ದರು. ಕೆಳಗಿನಿಂದ ಯಾರದೋ ದವಡೆಹಲ್ಲು ಕೊರೆಯುವ ಸದ್ದು ಅದಕ್ಕೆ ಶ್ರುತಿ ಹಿಡಿದಿತ್ತು. ಡಾಕ್ಟರು ಐವತ್ತು ದಾಟಿದ ಹೆಂಗಸು. ಅವರ ಬಿಳಿ ಕೋಟಿನ ಎಡತೋಳು ಅರ್ಧ ಇಂಚು ಉದ್ದವಿರುವುದನ್ನು ಅವಳು ಒಳಗೆ ಬರುವಾಗಲೇ ನೋಡಿಬಿಟ್ಟಳು.

“ಹೆದರಿಕೆ ಆಗ್ತಿದೆಯಾ?”

“ಇಲ್ಲ. ನನ್ನದೂ ಚುಚ್ಚೋ ಕೆಲಸಾನೇ.”

“ನರ್ಸಾ?”

“ಟೈಲರು.”

ಸೂಜಿಗಳು ಕೂದಲೆಳೆಯಷ್ಟು ತೆಳು. ಕಾಲುಗಳಿಗೆ ಆರು, ಕೈಗಳಿಗೆ ನಾಲ್ಕು, ಹೊಟ್ಟೆಗೆ ಐದು, ಕಿವಿಗೊಂದು. ಕೊನೆಯದು ನೆತ್ತಿಗೆ. “ಇದು ಎತ್ತಿ ಹಿಡಿಯೋದಕ್ಕೆ. ಒಳಗಿಟ್ಟದ್ದು ಜಾರಿಹೋಗದ ಹಾಗೆ,” ಎಂದರು ಡಾಕ್ಟರು, ದೀಪ ಸಣ್ಣದು ಮಾಡುತ್ತಾ. ಹದಿನೇಳು.

ಅರ್ಧ ಗಂಟೆ ಮಲಗಿದ್ದಳು. ಏನೂ ಆಗಲಿಲ್ಲ. ಯಾಕೋ ಕಣ್ಣೀರು ಬಂದು ಕಿವಿಯೊಳಗೆ ಇಳಿಯಿತು. ಕೈಯಲ್ಲಿ ಸೂಜಿಗಳಿದ್ದುದರಿಂದ ಒರೆಸಿಕೊಳ್ಳಲಾಗಲಿಲ್ಲ.

ಡಾಕ್ಟರು ವಾಪಸು ಬಂದು, ಫೋನಿನಲ್ಲಿ ಯಾರಿಗೋ ಸಂಜೆಯ ಸಮಯ ಕೊಡುತ್ತಲೇ, ಒಂದೊಂದಾಗಿ ತೆಗೆದು ಸ್ಟೀಲ್ ತಟ್ಟೆಗೆ ಹಾಕಿದರು. ಟಿಣ್, ಟಿಣ್. ಹದಿನೈದು. ಹದಿನಾರು. “ಆಯ್ತು, ನಿಧಾನಕ್ಕೆ ಏಳಿ.”

ಅವಳು ಬಾಯಿ ತೆರೆದಳು. ಹನ್ನೊಂದು ವರ್ಷದ ಅಭ್ಯಾಸ ತುದಿನಾಲಿಗೆಗೆ ಬಂದು ನಿಂತಿತ್ತು. ಮತ್ತೆ ಬಾಯಿ ಮುಚ್ಚಿ, “ತುಂಬಾ ಥ್ಯಾಂಕ್ಸ್ ಡಾಕ್ಟ್ರೇ,” ಎಂದು, ಕತ್ತು ನೆಟ್ಟಗಿಟ್ಟುಕೊಂಡು ಮೆಟ್ಟಿಲಿಳಿದಳು.

ಗಂಡ ಹೆಲ್ಮೆಟ್ ಚಾಚಿದ.

“ಬೇಡ ರೀ. ನಾನು ಬಸ್ಸಲ್ಲಿ ಬರ್ತೀನಿ.”

“ತಲೆ ಕೆಟ್ಟಿದೆಯಾ? ಹನ್ನೆರಡಕ್ಕೆ ಆಸ್ಪತ್ರೇಲಿರಬೇಕು.”

“ತಲೇಲಿ ಸೂಜಿ ಇದೆ.”

ಅವನು ಅವಳ ಬೈತಲೆಯನ್ನು ಮೋಟರಿನೊಳಗೆ ಇಣುಕುವವನ ಹಾಗೆ ನೋಡಿದ. ತೆಳ್ಳಗೆ ಹೊಳೆಯುತ್ತಿತ್ತು.

“ಇಟ್ಕೋ ಅಂದ್ರಾ?”

“ಮರೆತರು.”

“ನೀನು ಹೇಳ್ಲಿಲ್ವಾ? ನೀನು ಎಣಿಸ್ತೀಯಲ್ಲ?”

“ಎಣಿಸಿದೆ. ಜಾರಿಹೋಗದ ಹಾಗೆ ಹಿಡಿಯೋದು ಇದೇ ಅಂತೆ ರೀ.”

ಬ್ಯಾಗಿನಲ್ಲಿ ಒಂದು ಸ್ಕ್ರೂಡ್ರೈವರ್ ಕಡಿಮೆಯಾಯಿತೆಂದು ಒಂಬತ್ತು ಮಹಡಿಯ ಕಟ್ಟಡದ ಲಿಫ್ಟನ್ನು ಅರ್ಧ ದಿನ ನಿಲ್ಲಿಸಿ, ಮೇಲಿನಿಂದ ಕೆಳಗಿನ ತನಕ ಬೈಸಿಕೊಂಡಿದ್ದ ಮನುಷ್ಯ ಅವನು. ಬೈಯುತ್ತಾನೆಂದುಕೊಂಡಳು. ಅವನು ಎರಡೂ ಹೆಲ್ಮೆಟ್‌ಗಳನ್ನು ಸ್ಕೂಟರಿಗೆ ಬೀಗ ಹಾಕಿಟ್ಟು, “ಬಸ್ಸಲ್ಲಿ ಕಿಟಕಿ ಹತ್ರ ಕೂರಬೇಡ, ಬಡಿಯುತ್ತೆ,” ಎಂದ.

ಬಸ್ಸಿನಲ್ಲಿ ಇಡೀ ದಾರಿ, ಹತ್ತುವ ಇಳಿಯುವ ಜನರ ಮೊಣಕೈಗಳಿಗೆ ಅಡ್ಡವಾಗಿ ಕೈ ಚಾಚಿ ನಿಂತ. ಆಸ್ಪತ್ರೆಯಲ್ಲಿ ನರ್ಸು ಟೋಪಿ ತೊಡಿಸಲು ಬಂದಾಗ ಅವಳು ಅದನ್ನು ತಾನೇ ತೆಗೆದುಕೊಂಡು, ಕಾಯಿಸಿದ ಹಾಲಿನ ಕೆನೆಯ ಮೇಲೆ ಮುಚ್ಚಳ ಇಡುವಷ್ಟು ಹಗುರವಾಗಿ ಇಟ್ಟುಕೊಂಡಳು. ಭ್ರೂಣವನ್ನು ಒಳಗಿಡುವ ಕೆಲಸ ನಾಲ್ಕು ನಿಮಿಷದಲ್ಲಿ ಮುಗಿಯಿತು. ಪರದೆಯ ಮೇಲೆ ಚಾಕ್‌ಪೀಸಿನ ಚುಕ್ಕೆಯಷ್ಟು ಬಿಳುಪು ಕಂಡಿತು. ಡಾಕ್ಟರು ಚೆನ್ನಾಗಿದೆ ಎಂದರು. ಹಿಂದಿನ ನಾಲ್ಕಕ್ಕೂ ಅದನ್ನೇ ಅಂದಿದ್ದರು.

ಮರುದಿನ ಬೆಳಿಗ್ಗೆ ಸೂಜಿ ದಿಂಬಿನ ಮೇಲೆ ಬಿದ್ದಿತ್ತು. ಗಂಡನೇ ಮೊದಲು ಕಂಡದ್ದು. “ತಾನಾಗೇ ಬಂತು ಅಂದ್ರೆ ಕೆಲಸ ಮುಗೀತು ಅಂತ ಇರಬೇಕು,” ಎಂದ. ಹಗ್ಗ ರಾಟೆಗಳನ್ನಷ್ಟೇ ನಂಬುವವನ ಬಾಯಲ್ಲಿ ಈ ಮಾತು ಕೇಳಿ ಅವಳಿಗೆ ನಗು ಬಂತು, ಆಮೇಲೆ ಹೆದರಿಕೆಯಾಯಿತು.

ಹನ್ನೆರಡನೆಯ ದಿನ ರಕ್ತ ಕೊಟ್ಟು ಅಂಗಡಿಗೆ ಹೋದಳು. ಆಸ್ಪತ್ರೆಯಿಂದ ಫೋನ್ ಬಂದಾಗ ಅವಳು ಒಬ್ಬ ದಪ್ಪ ಗಿರಾಕಿಯ ಕೋಟಿನ ಅಂಚು ಹಿಡಿದು ಮಂಡಿಯೂರಿದ್ದಳು, ತುಟಿಗಳ ನಡುವೆ ನಾಲ್ಕು ಗುಂಡುಸೂಜಿ.

“ಸಾರಿ ಮೇಡಂ. ನೆಗೆಟಿವ್ ಬಂದಿದೆ. ಮಾತ್ರೆ ಇವತ್ತಿಂದ ನಿಲ್ಲಿಸಬಹುದು. ಕೇಳಿಸ್ತಾ ಇದೆಯಾ?”

“ಹ್ಞೂಂ.”

“ಏನಮ್ಮಾ, ಉದ್ದ ಜಾಸ್ತಿಯಾಯ್ತಾ?” ಎಂದು ಮೇಲಿನಿಂದ ಗಿರಾಕಿ ಕೇಳಿದ.

ಅವಳು ಇಲ್ಲವೆಂದು ತಲೆಯಾಡಿಸಿ ಅಂಚು ಮುಗಿಸಿದಳು. ಮೂವತ್ತೊಂದು ಸೂಜಿ ಚುಚ್ಚಿದ್ದಳು, ಹೊಲಿದಾದ ಮೇಲೆ ಮೂವತ್ತೊಂದು ತೆಗೆದಳು. ಕೋಟು ನಾಲ್ಕು ಗಂಟೆಗೆ ಅಂಗಡಿಯಿಂದ ಹೋಯಿತು. ಆಸ್ಪತ್ರೆಯ ಫ್ರೀಜರಿನಲ್ಲಿ ಇನ್ನು ಯಾವ ಭ್ರೂಣವೂ ಉಳಿದಿರಲಿಲ್ಲ.